‘ಆ್ಯಪ್ ಸುಳ್ಳು ಹೇಳಲ್ಲ ಮಾವ’: ಸ್ಟ್ರೀಮ್ ಕ್ಲಸ್ಟರ್ ಹೊಂದಿಸುವಾಗ ನಾನು ಕಲಿತದ್ದು

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರಿಗೆ, ರಾತ್ರಿ ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಈ ಕಂತನ್ನ ಊರಿಂದ ರೆಕಾರ್ಡ್ ಮಾಡ್ತಿದ್ದೀನಿ. ಊರು ಕಡಬ. ಸುಬ್ರಹ್ಮಣ್ಯದ ಹತ್ತಿರ ಇರೋ ಕಡಬ ಅಲ್ಲ, ತುಮಕೂರು ಜಿಲ್ಲೆ ಗುಬ್ಬಿ ತಾಲೂಕಿನ ಕಡಬ. ಈ ವ್ಯತ್ಯಾಸ ಹೇಳೋದೇ ನನ್ನ ಅರ್ಧ ಜೀವನ ಆಗೋಗಿದೆ. ಹಿಂದೆ ಕೋಳಿ ಕೂಗಿದ್ರೆ ಎಡಿಟ್ ಮಾಡಿಲ್ಲ ಅಂತ ಬೈಬೇಡಿ.

ಇವತ್ತಿನ ವಿಷಯ ಕೇಳಿದ್ರೆ ಕೆಲವರು ಓಡಿ ಹೋಗ್ತೀರಿ: ಡಿಸ್ಟ್ರಿಬ್ಯೂಟೆಡ್ ಸ್ಟ್ರೀಮ್ ಪ್ರೊಸೆಸಿಂಗ್ ಕ್ಲಸ್ಟರ್. ಅದನ್ನ ಹೊಂದಿಸೋದು ಹೇಗೆ. ಒಂದು ನಿಮಿಷ ತಡೀರಿ. ನಾನು ಓದಿದ್ದು ಬಿ.ಕಾಂ. ನನಗೆ ಅರ್ಥ ಆಗಿದ್ದು ನಿಮಗೂ ಆಗುತ್ತೆ. ಇದನ್ನ ಕಲೀಲೇಬೇಕಾಗಿ ಬಂದಿದ್ದು ಯಾಕೆ ಅಂತ ಮೊದಲು ಹೇಳ್ತೀನಿ, ಆಮೇಲೆ ಓಡೋರು ಓಡಿ.

ನಾಲ್ಕು ಮೂಟೆ

ನಮ್ಮ ಸೋದರಮಾವನದ್ದು ಪಶು ಆಹಾರದ ಅಂಗಡಿ. ಬೂಸಾ, ಹಿಂಡಿ, ಫೀಡು. ಅಲ್ಲಿ ವ್ಯಾಪಾರ ಮುಕ್ಕಾಲು ಪಾಲು ಸಾಲ. ‘ಡೈರಿ ಬಟವಾಡೆ ಬಂದ್ಮೇಲೆ ಕೊಡ್ತೀನಿ ಬರ್ಕೋ’ ಅಂತಾರೆ, ಬರ್ಕೋತಾರೆ. ಆಗ ನಾನು ಬೆಂಗಳೂರಲ್ಲಿ ಒಂದು ಸಣ್ಣ ಕಂಪನಿಯ ಅಕೌಂಟ್ಸ್‌ನಲ್ಲಿ ಇದ್ದೆ. ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡೋ ಕಂಪನಿ. ಮಾವನ ಅಂಗಡಿಗೆ ಆ ಆ್ಯಪ್ ಹಾಕಿಸಿದ್ದು ನಾನೇ. ಹುಡುಗ ಅಂಗಡಿ ಫೋನಲ್ಲಿ ಬಿಲ್ ಹಾಕಿದ್ರೆ, ತುಮಕೂರಿಗೆ ಹೋಗಿರೋ ಮಾವನ ಫೋನಲ್ಲಿ ತಕ್ಷಣ ಕಾಣುತ್ತೆ. ಮಾವನಿಗೆ ಖುಷಿಯೋ ಖುಷಿ.

ಒಂದು ಮಳೆಗಾಲದ ಸಂಜೆ ಕರೆಂಟ್ ಹೋಯ್ತು. ಸ್ವಲ್ಪ ಹೊತ್ತಿಗೆ ಮೊಬೈಲ್ ಟವರ್ರೂ ಹೋಯ್ತು. ರಾತ್ರಿ ಎಂಟಕ್ಕೆ ಮಾವ ಬಂದು ಗೋಡೌನ್ ನೋಡ್ತಾರೆ, ಬಿಲ್ಲಿನ ಲೆಕ್ಕಕ್ಕಿಂತ ನಾಲ್ಕು ಮೂಟೆ ಹಿಂಡಿ ಕಮ್ಮಿ. ಅಂಗಡೀಲಿದ್ದ ಹುಡುಗನಿಗೆ ಹತ್ತೊಂಬತ್ತು ವರ್ಷ. ‘ಮೂರು ಜನ ಸಾಲಕ್ಕೆ ತಗೊಂಡೋದ್ರು ಅಣ್ಣ, ಐದು ಗಂಟೆ ಹೊತ್ತಲ್ಲೇ ಬಿಲ್ ಹಾಕಿದ್ದೀನಿ’ ಅಂದ. ಮಾವನ ಫೋನಲ್ಲಿ ಬಿಲ್ ಇಲ್ಲ. ಇನ್ನೂ ಕಳಿಸದೆ ಉಳಿದಿರೋ ಬಿಲ್ ತೋರಿಸೋ ಪುಟ ಆ ಆ್ಯಪ್‌ನಲ್ಲಿ ಇರ್ಲಿಲ್ಲ. ಮಾತು ನಡೀತಾ ಇರೋವಾಗ್ಲೇ ಟವರ್ ಬಂತು. ಮೂರೂ ಬಿಲ್ ಒಟ್ಟಿಗೆ ಕಾಣಿಸ್ಕೊಂಡ್ವು. ಸಮಯ 9:05, 9:05, 9:05.

ಮಾವ ನನಗೆ ಫೋನ್ ಮಾಡಿದ್ರು. ‘ನಾನು ಕೇಳಿದ್ಮೇಲೆ ಬಿಲ್ ಹಾಕವ್ನೋ ಏನೋ ಅನ್ನಿಸ್ತೈತೆ ಕಣಪ್ಪ. ನಿನ್ನ ಆ್ಯಪ್ ಏನ್ ಹೇಳ್ತೈತೆ ನೋಡು.’ ನಾನು ಆಫೀಸಿನ ಕಂಪ್ಯೂಟರ್‌ನಲ್ಲಿ ನೋಡ್ದೆ. ಅಲ್ಲೂ 9:05. ನಾನು ಹೇಳಿದ್ದು ಇಷ್ಟೇ: ‘ಆ್ಯಪ್ ಸುಳ್ಳು ಹೇಳಲ್ಲ ಮಾವ.’

ಮಾರನೇ ದಿನ ಹುಡುಗ ಅಂಗಡಿಗೆ ಬರ್ಲಿಲ್ಲ.

ಎಂಟು ದಿನ ಆದ್ಮೇಲೆ ಒಬ್ಬರು ಬಟವಾಡೆ ದುಡ್ಡು ಹಿಡ್ಕೊಂಡು ಬಂದ್ರು. ‘ಅವತ್ತು ಮಳೆ ಹುಯ್ತಿತ್ತಲ್ಲ, ಕರೆಂಟಿರ್ಲಿಲ್ಲ, ಆಗ ಎರಡು ಮೂಟೆ ತಗೊಂಡೋಗಿದ್ದೆ’ ಅಂದ್ರು. ಮಾವ ಮತ್ತೆ ಫೋನ್ ಮಾಡಿದ್ರು. ಈ ಸಲ ಬೈಲಿಲ್ಲ, ಏನೂ ಅನ್ಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಆ್ಯಪ್ ನಿಜವಾಗ್ಲೂ ಸುಳ್ಳು ಹೇಳಿರ್ಲಿಲ್ಲ. 9:05 ಅನ್ನೋದು ಬಿಲ್ ನಮ್ಮ ಸರ್ವರ್‌ಗೆ ತಲುಪಿದ ಸಮಯ. ಅದನ್ನ ಬಿಲ್ ಹಾಕಿದ ಸಮಯ ಅಂತ ತೋರಿಸೋ ಹಾಗೆ ಯಾರೋ ಒಂದು ಸಾಲು ಬರೆದಿದ್ರು. ಆ ಒಂದು ಸಾಲಿನ ಕಥೆಯೇ ಇವತ್ತಿನ ಕಂತು.

ತಿಂಗಳ ಕೊನೆಯ ಲೆಕ್ಕ, ಹರಿಯೋ ಲೆಕ್ಕ

ಲೆಕ್ಕ ಮಾಡೋಕೆ ಎರಡು ದಾರಿ ಇದೆ. ಒಂದು, ಎಲ್ಲ ವೋಚರ್ ಗುಡ್ಡೆ ಹಾಕಿ ದಿನದ ಕೊನೆಗೋ ತಿಂಗಳ ಕೊನೆಗೋ ಕೂತು ಕೂಡೋದು. ಅದು ಬ್ಯಾಚ್. ಇನ್ನೊಂದು, ವೋಚರ್ ಬಂದ ಹಾಗೆ ಬಂದ ಹಾಗೆ ಆಗಿಂದಾಗ್ಲೇ ಬ್ಯಾಲೆನ್ಸ್ ತಿದ್ದುತ್ತಾ ಹೋಗೋದು. ಅದು ಸ್ಟ್ರೀಮ್. ಯುಪಿಐ ಪೇಮೆಂಟ್ ಆದ ತಕ್ಷಣ ಅಂಗಡಿಯ ಡಬ್ಬಿ ‘ಇಷ್ಟು ರೂಪಾಯಿ ಬಂದಿದೆ’ ಅಂತ ಕೂಗುತ್ತಲ್ಲ, ಅದು ತಿಂಗಳ ಕೊನೆಗೆ ಕೂಗಿದ್ರೆ ಏನು ಪ್ರಯೋಜನ?

ಪ್ರಮಾಣ ಎಷ್ಟಿರುತ್ತೆ ಅಂತ ಒಂದು ಅಂದಾಜು ಕೊಡ್ತೀನಿ. 2016ರ ಏಪ್ರಿಲ್‌ನಲ್ಲಿ ಶುರುವಾದ ಯುಪಿಐ, 2023ರ ಆಗಸ್ಟ್ ಒಂದೇ ತಿಂಗಳಲ್ಲಿ 1,000 ಕೋಟಿ ವಹಿವಾಟು ದಾಟಿತು. 31 ದಿನಕ್ಕೆ ಭಾಗಿಸಿ ನೋಡಿ, ಸೆಕೆಂಡಿಗೆ ಸರಾಸರಿ 3,700ಕ್ಕೂ ಹೆಚ್ಚು. ಇಷ್ಟನ್ನ ಒಂದು ಮಷಿನ್ ಕೈಲಿ ಮಾಡ್ಸೋಕಾಗಲ್ಲ. ಹಲವು ಮಷಿನ್ ಸೇರಿ ಒಂದೇ ಲೆಕ್ಕ ಬರೀಬೇಕು. ಆ ಗುಂಪಿಗೆ ಕ್ಲಸ್ಟರ್ ಅಂತೀವಿ. ನಮ್ಮದು ಇದರ ಮುಂದೆ ಇರುವೆ. ಆದ್ರೆ ಇರುವೆಗೂ ಆನೆಗೂ ನಿಯಮ ಒಂದೇ.

ನಾವು ಬಳಸಿದ್ದು ಎರಡು ಸಾಫ್ಟ್‌ವೇರ್. ಎರಡೂ ಉಚಿತ, ಎರಡೂ ಓಪನ್ ಸೋರ್ಸ್. ಮೊದಲನೇದು ಅಪಾಚೆ ಕಾಫ್ಕಾ. ಲಿಂಕ್ಡ್‌ಇನ್ ಕಂಪನಿಯಲ್ಲಿ ಜೇ ಕ್ರೆಪ್ಸ್, ಪುಣೆಯಿಂದ ಹೋದ ನೇಹಾ ನರ್ಖೇಡೆ, ಜುನ್ ರಾವ್ ಕಟ್ಟಿದ್ದು. 2011ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ರು. ಕಾಫ್ಕಾ ಅಂದ್ರೆ ಡೇ ಬುಕ್. ಹಳೇ ಅಂಗಡಿಯವರು ಕಿರ್ದಿ ಅಂತಾರಲ್ಲ, ಅದೇ. ಬಂದದ್ದು ಬಂದ ಸಾಲಲ್ಲಿ ಪೆನ್ನಲ್ಲಿ ಬರೆಯೋದು. ಅಳಿಸೋ ಹಾಗಿಲ್ಲ, ಮಧ್ಯೆ ತುರುಕೋ ಹಾಗಿಲ್ಲ. ಪ್ರತಿ ಸಾಲಿಗೂ ಒಂದು ನಂಬರ್.

ಎರಡನೇದು ಅಪಾಚೆ ಫ್ಲಿಂಕ್. ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯಾಗಿ ಹುಟ್ಟಿದ್ದು. ಜರ್ಮನ್ ಭಾಷೆಯಲ್ಲಿ ಫ್ಲಿಂಕ್ ಅಂದ್ರೆ ಚುರುಕು, ಅದಕ್ಕೇ ಅದರ ಗುರುತು ಅಳಿಲು. ಫ್ಲಿಂಕ್ ಅಂದ್ರೆ ಕಿರ್ದಿ ಓದಿ ಲೆಡ್ಜರ್‌ಗೆ ಏರಿಸೋ ಗುಮಾಸ್ತರ ಗುಂಪು. ಅದರಲ್ಲಿ ಕೆಲಸ ಹಂಚೋ ಮೇಸ್ತ್ರಿ ಒಬ್ಬ, ಅವನ ಹೆಸರು ಜಾಬ್ ಮ್ಯಾನೇಜರ್. ಕೆಲಸ ಮಾಡೋರು ಟಾಸ್ಕ್ ಮ್ಯಾನೇಜರ್‌ಗಳು.

ಇವನ್ನ ಇನ್‌ಸ್ಟಾಲ್ ಮಾಡೋಕೆ ಅರ್ಧ ಗಂಟೆ ಸಾಕು. ಆಮೇಲೆ ಒಂದು ಫೈಲ್ ತೆರೀಬೇಕು. ತುಂಬಾ ಅಂಕಿಗಳು. ಎಲ್ಲದಕ್ಕೂ ಮೊದಲೇ ಯಾವುದೋ ಬೆಲೆ ತುಂಬಿರುತ್ತೆ, ಅದನ್ನ ಡೀಫಾಲ್ಟ್ ಅಂತೀವಿ. ಮುಟ್ಟದೇ ಬಿಟ್ರೂ ಓಡುತ್ತೆ. ಅಪಾಯ ಇರೋದೇ ಅಲ್ಲಿ.

ಎಷ್ಟು ಪುಸ್ತಕ, ಎಷ್ಟು ಗುಮಾಸ್ತರು

ಹುಡುಗನ ವಿಷಯ ಗೊತ್ತಾದ್ಮೇಲೆ ನಾನು ನಮ್ಮ ಟೀಮಿನ ಇಂಜಿನಿಯರ್ ಗೆಳತಿಯ ಪಕ್ಕ ಕೂತೆ. ‘ಇದನ್ನ ಮೊದಲಿಂದ ಹೊಂದಿಸೋಣ, ಪ್ರತಿ ಅಂಕಿ ಯಾಕೆ ಅಂತ ನನಗೆ ಹೇಳ್ತಾ ಹೋಗು’ ಅಂದೆ. ಪಾಪ, ಮೂರು ವಾರ ನನ್ನ ಪ್ರಶ್ನೆ ಸಹಿಸ್ಕೊಂಡ್ಳು.

ಮೊದಲ ಅಂಕಿ ಪಾರ್ಟಿಷನ್. ಒಂದೇ ಕಿರ್ದಿ ಇದ್ರೆ ಒಬ್ಬನೇ ಬರೀಬಹುದು. ಹಾಗಾಗಿ ಕಾಫ್ಕಾದಲ್ಲಿ ಒಂದು ವಿಷಯದ ಕಿರ್ದಿಯನ್ನ ಹಲವು ಪುಸ್ತಕಗಳಾಗಿ ಒಡೀತಾರೆ. ನೆನಪಿಡಬೇಕಾದ್ದು ಏನಂದ್ರೆ, ಒಂದು ಪುಸ್ತಕದ ಒಳಗೆ ಮಾತ್ರ ಕ್ರಮ ಉಳಿಯುತ್ತೆ. ಎರಡು ಪುಸ್ತಕಗಳ ನಡುವೆ ಯಾವುದು ಮೊದಲು ಅನ್ನೋ ಗ್ಯಾರಂಟಿ ಇಲ್ಲ. ಬಿಲ್ ಒಂದು ಪುಸ್ತಕಕ್ಕೆ, ಅದೇ ಬಿಲ್ಲಿನ ರದ್ದತಿ ಇನ್ನೊಂದು ಪುಸ್ತಕಕ್ಕೆ ಹೋದ್ರೆ, ಹಾಕೋ ಮುಂಚೇನೇ ರದ್ದಾದ ಬಿಲ್ ನೋಡೋ ಭಾಗ್ಯ ನಿಮ್ಮದು. ಅದಕ್ಕೇ ಅಂಗಡಿ ನಂಬರನ್ನ ಕೀ ಮಾಡಿದ್ವಿ. ಒಂದು ಅಂಗಡಿಯದ್ದೆಲ್ಲ ಒಂದೇ ಪುಸ್ತಕಕ್ಕೆ.

ಎರಡನೇ ಅಂಕಿ ಸ್ಲಾಟ್ ಮತ್ತು ಪ್ಯಾರಲಲಿಸಂ. ಸ್ಲಾಟ್ ಅಂದ್ರೆ ಗುಮಾಸ್ತನಿಗೆ ಹಾಕಿರೋ ಕುರ್ಚಿ. ನಮ್ಮ ಹತ್ರ ನಾಲ್ಕು ಕೋರ್‌ನ ಮೂರು ಮಷಿನ್. ಮಷಿನ್‌ಗೆ ನಾಲ್ಕು ಕುರ್ಚಿ, ಒಟ್ಟು 12. ಫ್ಲಿಂಕ್‌ನಲ್ಲಿ ಇದರ ಡೀಫಾಲ್ಟ್ 1, ಹಾಗಾಗಿ ಮುಟ್ಟದೇ ಬಿಟ್ರೆ ದೊಡ್ಡ ಮಷಿನ್‌ನಲ್ಲಿ ಒಂದೇ ಕುರ್ಚಿ.

12 ಕುರ್ಚಿ ಇದೆ, 12 ಜನರನ್ನೇ ಕೂರಿಸೋಣ ಅಂದೆ. ಅವಳು ನಕ್ಕಳು. ‘ಒಂದು ಮಷಿನ್ ಸತ್ರೆ?’ ಆಗ ಉಳಿಯೋದು 8 ಕುರ್ಚಿ. 12 ಬೇಕು ಅಂತ ಹಟ ಹಿಡಿದಿರೋ ಕೆಲಸ ಶುರುವೇ ಆಗಲ್ಲ. ಅದಕ್ಕೆ ಪ್ಯಾರಲಲಿಸಂ 8 ಇಟ್ವಿ. ಪುಸ್ತಕಗಳು 24, ಅಂದ್ರೆ ತಲೆಗೆ ಮೂರು, ಸಮ ಹಂಚಿಕೆ. ಪುಸ್ತಕಕ್ಕಿಂತ ಓದೋರು ಜಾಸ್ತಿ ಆದ್ರೆ ಕೆಲವರು ಸುಮ್ನೆ ಕೂತಿರ್ತಾರೆ, ಸಂಬಳ ಮಾತ್ರ ಓಡ್ತಿರುತ್ತೆ.

ಜೊತೆಗೆ ಪ್ರತಿ ಪುಸ್ತಕಕ್ಕೂ ಮೂರು ಪ್ರತಿ, ಬೇರೆ ಬೇರೆ ಮಷಿನ್‌ಗಳಲ್ಲಿ. ಕಡೇಪಕ್ಷ ಎರಡು ಕಡೆ ಬರೆದಾದ್ಮೇಲೇ ಅಂಗಡಿ ಫೋನಿಗೆ ‘ಬಂತು’ ಅಂತ ಹೇಳ್ಬೇಕು. ಸ್ವಲ್ಪ ನಿಧಾನ ಆಗುತ್ತೆ. ಆಗ್ಲಿ. ‘ಬಂತು’ ಅಂದ ಬಿಲ್ ಕಳೆದ್ರೆ ಫೋನು ಮತ್ತೆ ಕಳಿಸಲ್ಲ, ಅದು ಕೆಲಸ ಮುಗೀತು ಅಂದ್ಕೊಂಡಿರುತ್ತೆ.

ಮಧ್ಯದಲ್ಲಿ ಸತ್ರೆ?

ಮೂರನೇದು ಚೆಕ್‌ಪಾಯಿಂಟ್. ಗುಮಾಸ್ತ ಕಿರ್ದಿಯ 400ನೇ ಸಾಲಲ್ಲಿ ಇದ್ದಾಗ ತಲೆ ತಿರುಗಿ ಬಿದ್ದ ಅಂದ್ಕೊಳ್ಳಿ. ಬಂದ ಹೊಸಬ ಎಲ್ಲಿಂದ ಶುರು ಮಾಡ್ಬೇಕು? 390ರಿಂದ ಮಾಡಿದ್ರೆ ಹತ್ತು ಬಿಲ್ ಎರಡು ಸಲ ಏರುತ್ತೆ. 410ರಿಂದ ಮಾಡಿದ್ರೆ ಹತ್ತು ಬಿಲ್ ಬಿಟ್ಟೋಗುತ್ತೆ. ಆಗಾಗ ಒಂದು ಟಿಕ್ ಹಾಕಿ, ಆ ಟಿಕ್‌ವರೆಗಿನ ಬ್ಯಾಲೆನ್ಸ್‌ಗಳನ್ನ ಬೇರೆ ಕಡೆ ನಕಲು ಮಾಡಿಟ್ರೆ ಸಮಸ್ಯೆ ಇಲ್ಲ.

ಒಬ್ಬ ಗುಮಾಸ್ತನಿಗೆ ಇದು ಸುಲಭ. ಎಂಟು ಜನ ಒಂದೇ ಸಮಯಕ್ಕೆ ಬರೀತಿದ್ರೆ? ‘ಎಲ್ರೂ ನಿಲ್ಲಿಸಿ, ನಕಲು ಮಾಡೋಣ’ ಅಂದ್ರೆ ವ್ಯಾಪಾರ ನಿಂತೋಗುತ್ತೆ. ನಿಲ್ಲಿಸದೇ ಮಾಡೋದು ಹೇಗೆ ಅಂತ 1985ರಲ್ಲೇ ಇಬ್ಬರು ಬರೆದಿಟ್ಟಿದ್ದಾರೆ: ಮದರಾಸಿನ ಐಐಟಿಯಲ್ಲಿ ಓದಿದ ಕೆ. ಮಣಿ ಚಾಂಡಿ ಮತ್ತು ಲೆಸ್ಲಿ ಲ್ಯಾಂಪೋರ್ಟ್. ಫ್ಲಿಂಕ್ ಮಾಡೋದು ಆ ಆಲೋಚನೆಯಿಂದ ಬಂದದ್ದೇ. ಬಿಲ್ಲುಗಳ ಸಾಲಿನ ಮಧ್ಯೆ ಒಂದು ಚೀಟಿ ಬಿಡ್ತಾರೆ. ಚೀಟಿ ತನ್ನ ಟೇಬಲ್‌ಗೆ ಬಂದಾಗ ಗುಮಾಸ್ತ ತನ್ನ ಬ್ಯಾಲೆನ್ಸ್ ನಕಲು ಮಾಡಿ, ಚೀಟಿಯನ್ನ ಮುಂದಿನ ಟೇಬಲ್‌ಗೆ ದಾಟಿಸ್ತಾನೆ. ಚೀಟಿ ಕೊನೇ ಟೇಬಲ್ ಮುಟ್ಟೋ ಹೊತ್ತಿಗೆ ಇಡೀ ಆಫೀಸಿನ ಒಂದು ಹೊಂದಾಣಿಕೆಯ ನಕಲು ಸಿಕ್ಕಿರುತ್ತೆ. ಯಾರೂ ಕೆಲಸ ನಿಲ್ಲಿಸಿರಲ್ಲ.

ಇಷ್ಟು ಚೆಂದದ ವ್ಯವಸ್ಥೆ ಫ್ಲಿಂಕ್‌ನಲ್ಲಿ ಡೀಫಾಲ್ಟ್ ಆಗಿ ಆಫ್ ಇರುತ್ತೆ. ನೀವೇ ಆನ್ ಮಾಡ್ಬೇಕು. ನಾವು ಒಂದು ನಿಮಿಷಕ್ಕೊಮ್ಮೆ ಅಂತ ಇಟ್ವಿ. ಐದು ಸೆಕೆಂಡಿಗೊಮ್ಮೆ ಇಟ್ರೆ ನಕಲು ಮಾಡೋದೇ ಕೆಲಸ ಆಗುತ್ತೆ. ಒಂದು ಗಂಟೆಗೊಮ್ಮೆ ಇಟ್ರೆ ಬಿದ್ದಾಗ ಒಂದು ಗಂಟೆಯದ್ದೆಲ್ಲ ಮತ್ತೆ ಓದ್ಬೇಕು. ನಕಲನ್ನ ಅದೇ ಮಷಿನ್‌ನ ಡಿಸ್ಕ್‌ನಲ್ಲಿ ಇಡ್ಬೇಡಿ. ಮಷಿನ್ ಹೋದ್ರೆ ನಕಲೂ ಹೋಗುತ್ತೆ.

ಇಲ್ಲಿ ಒಂದು ಮಾತು ನಿಮಗೆ ಎಲ್ಲ ಕಡೆ ಕೇಳ್ಸುತ್ತೆ: ‘ಎಗ್ಸಾಕ್ಟ್ಲಿ ಒನ್ಸ್’. ಪ್ರತಿ ಬಿಲ್ಲೂ ಸರಿಯಾಗಿ ಒಂದೇ ಸಲ ಅಂತ. ಕೇಳೋಕೆ ಚೆನ್ನಾಗಿದೆ, ಆದ್ರೆ ಅದು ಚೆಕ್‌ಪಾಯಿಂಟ್‌ನ ಒಳಗಿನ ಲೆಕ್ಕಕ್ಕೆ ಮಾತ್ರ. ನೆಟ್‌ವರ್ಕ್ ಕೈಕೊಟ್ಟು ಅಂಗಡಿ ಫೋನು ಒಂದೇ ಬಿಲ್ಲನ್ನ ಎರಡು ಸಲ ಕಳಿಸಿದ್ರೆ, ಫ್ಲಿಂಕ್ ಎರಡನ್ನೂ ಶ್ರದ್ಧೆಯಿಂದ ತಲಾ ಒಂದೊಂದು ಸಲ ಏರಿಸುತ್ತೆ! ಅದಕ್ಕೆ ಔಷಧ ನಮ್ಮ ಬಿ.ಕಾಂ ಮೊದಲ ವರ್ಷದ್ದೇ: ವೋಚರ್ ನಂಬರ್. ಫೋನೇ ಪ್ರತಿ ಬಿಲ್ಲಿಗೂ ಒಂದು ನಂಬರ್ ಹಾಕಿ ಕಳಿಸುತ್ತೆ. ಆ ನಂಬರ್ ಮೊದಲೇ ನೋಡಿದ್ರೆ ಬಿಟ್ಟುಬಿಡು ಅಂತ ಹೇಳಿದ್ವಿ. ನೋಡಿದ ನಂಬರ್‌ಗಳನ್ನ ಏಳು ದಿನ ನೆನಪಿಟ್ಕೋ, ಆಮೇಲೆ ಮರೆತುಬಿಡು. ಯಾವತ್ತೂ ಮರೀಬೇಡ ಅಂದ್ರೆ ಮೆಮೊರಿ ತುಂಬಿ ಒಂದಿನ ಮಷಿನ್ನೇ ಮಲಗುತ್ತೆ.

ಎರಡು ಗಡಿಯಾರ

ಈಗ 9:05ಕ್ಕೆ ಬರೋಣ.

ಕಾಮರ್ಸ್ ಓದಿದೋರಿಗೆ ಬ್ಯಾಂಕ್ ರೀಕನ್ಸಿಲಿಯೇಷನ್ ಸ್ಟೇಟ್‌ಮೆಂಟ್ ಅಂದ್ರೆ ನೆನಪಾಗುತ್ತೆ. ಮಾರ್ಚ್ 31ಕ್ಕೆ ಚೆಕ್ ಬ್ಯಾಂಕಿಗೆ ಹಾಕಿದ್ದೀರಿ. ನಿಮ್ಮ ಪುಸ್ತಕದಲ್ಲಿ ಮಾರ್ಚ್ 31. ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ಏಪ್ರಿಲ್ 2. ಯಾರೂ ಕಳ್ಳರಲ್ಲ. ಘಟನೆ ನಡೆದ ದಿನ ಒಂದು, ಲೆಕ್ಕಕ್ಕೆ ಬಂದ ದಿನ ಇನ್ನೊಂದು. ಈ ವ್ಯತ್ಯಾಸಕ್ಕೆ ಒಂದು ಇಡೀ ಅಧ್ಯಾಯ ಓದಿ, ಪರೀಕ್ಷೆ ಬರೆದು, ಪಾಸಾಗಿದ್ದೆ ನಾನು. ಆದ್ರೂ ಮಾವ ಕೇಳಿದಾಗ ಪಾಸ್‌ಬುಕ್ ನೋಡಿ ಹುಡುಗನನ್ನ ಕಳ್ಳ ಮಾಡ್ದೆ.

ಸ್ಟ್ರೀಮ್ ಭಾಷೆಯಲ್ಲಿ ಮೊದಲನೇದು ಈವೆಂಟ್ ಟೈಮ್, ಎರಡನೇದು ಪ್ರೊಸೆಸಿಂಗ್ ಟೈಮ್. ನಮ್ಮ ಹಳೇ ವ್ಯವಸ್ಥೆ ಎರಡನೇದನ್ನ ನೋಡ್ತಿತ್ತು. ಬದಲಾಯಿಸಿದ್ವಿ. ಫೋನು ಬಿಲ್ಲಿನ ಜೊತೆ ತನ್ನ ಸಮಯ ಕಳಿಸುತ್ತೆ, ಅದೇ ಲೆಕ್ಕಕ್ಕೆ. ಆಫೀಸಲ್ಲಿ ಟೆಸ್ಟ್ ಮಾಡಿದ್ವಿ, ಎಲ್ಲ ಸರಿ. ಆಮೇಲೆ ನಾನು ಒಂದು ಫೋನನ್ನ ಏರೋಪ್ಲೇನ್ ಮೋಡ್‌ಗೆ ಹಾಕಿ, ಮೂರು ಬಿಲ್ ಮಾಡಿ, ನಾಲ್ಕು ಗಂಟೆ ಬಿಟ್ಟು ನೆಟ್ ಆನ್ ಮಾಡ್ದೆ. ವರದಿಯಲ್ಲಿ ಬಿಲ್ಲುಗಳೇ ಇಲ್ಲ! ಮೊದಲು ತಪ್ಪು ಸಮಯ ಬರ್ತಿತ್ತು, ಈಗ ಬಿಲ್ಲೇ ಬರ್ತಿಲ್ಲ. ಎರರ್ ಇಲ್ಲ, ಕೆಂಪು ದೀಪ ಇಲ್ಲ.

ಯಾಕೆ? ನಮ್ಮ ವರದಿ ಒಂದೊಂದು ಗಂಟೆಯ ಲೆಕ್ಕ ಮುಚ್ಚಿ, ಅವನ್ನ ಕೂಡಿಸಿ ದಿನದ ಲೆಕ್ಕ ಮಾಡ್ತಿತ್ತು. ಐದರಿಂದ ಆರು ಗಂಟೆಯ ಲೆಕ್ಕವನ್ನ ಯಾವಾಗ ಮುಚ್ಚಬೇಕು? ಅದನ್ನ ನಿರ್ಧರಿಸೋದು ವಾಟರ್‌ಮಾರ್ಕ್. ‘ಇಲ್ಲಿಗಿಂತ ಹಿಂದಿನ ಸಮಯದ ಬಿಲ್ ಇನ್ನು ಬರಲ್ಲ’ ಅಂತ ವ್ಯವಸ್ಥೆ ತನಗೆ ತಾನೇ ಹೇಳಿಕೊಳ್ಳೋ ಮಾತು. ನಾವು ಟ್ಯುಟೋರಿಯಲ್ ನೋಡಿ ಅದಕ್ಕೆ ಐದು ಸೆಕೆಂಡ್ ಕೊಟ್ಟಿದ್ವಿ. ಕಡಬದಲ್ಲಿ ಟವರ್ ಹೋದ್ರೂ ಬೇರೆ ಊರಿನ ಅಂಗಡಿಗಳ ಬಿಲ್ ಬರ್ತಾನೇ ಇರುತ್ತೆ. ಗಡಿಯಾರ ಮುಂದೆ ಹೋಗ್ತಾನೇ ಇರುತ್ತೆ, ಕಡಬಕ್ಕೆ ಕಾಯಲ್ಲ. ಆರು ಗಂಟೆ ಐದು ಸೆಕೆಂಡಿಗೆ ಬಾಗಿಲು ಹಾಕಿತು. ಆಮೇಲೆ ಬಂದವರಿಗೆ ಫ್ಲಿಂಕ್ ಕೊಡೋ ಹೆಚ್ಚುವರಿ ಅವಕಾಶ, ಡೀಫಾಲ್ಟ್ ಪ್ರಕಾರ, ಸೊನ್ನೆ. ಬಂದ ಬಿಲ್ಲನ್ನ ಸದ್ದಿಲ್ಲದೆ ಎಸೆಯುತ್ತೆ.

ಐದು ಸೆಕೆಂಡ್ ಅನ್ನೋದು ಕೋಡ್‌ನಲ್ಲಿ ಬರೀ ಅಂಕಿ. ಆದ್ರೆ ಅದರ ಅರ್ಥ ಏನು ಅಂದ್ರೆ, ನೆಟ್‌ವರ್ಕ್ ಐದು ಸೆಕೆಂಡಿಗಿಂತ ಜಾಸ್ತಿ ಹೋಗೋ ಊರಿನವರ ವ್ಯಾಪಾರ ಲೆಕ್ಕಕ್ಕಿಲ್ಲ. ಯಾರೂ ಆ ಮಾತನ್ನ ಬಾಯಿಬಿಟ್ಟು ಹೇಳಲ್ಲ. ಹೇಳಿದ್ರೆ ಯಾರೂ ಒಪ್ಪಲ್ಲ.

ಹಾಗಂತ ಎಲ್ಲರಿಗೂ ಮೂರು ದಿನ ಕಾದು ಲೆಕ್ಕ ಮುಚ್ಚಿದ್ರೆ, ಮಾವನಿಗೆ ಸೋಮವಾರದ ಲೆಕ್ಕ ಗುರುವಾರ ಸಿಗುತ್ತೆ. ಆಗ ಸ್ಟ್ರೀಮ್ ಯಾಕೆ ಬೇಕು? ನಾವು ಮಾಡಿದ್ದು ಹೀಗೆ. ವಾಟರ್‌ಮಾರ್ಕ್ ಹತ್ತು ನಿಮಿಷ. ಆಗ ಒಂದು ಲೆಕ್ಕ ತೋರಿಸ್ತೀವಿ, ಪಕ್ಕದಲ್ಲಿ ‘ತಾತ್ಕಾಲಿಕ’ ಅಂತ ಬರೆದಿರುತ್ತೆ. ಆಮೇಲೆ ಮೂರು ದಿನದವರೆಗೆ ತಡವಾಗಿ ಬಂದ ಬಿಲ್ಲಿಗೆ ಅದೇ ಲೆಕ್ಕ ತಿದ್ದುತ್ತೆ. ತಿದ್ದೋದು ಅಂದ್ರೆ ಹೊಸ ಸಾಲು ಸೇರಿಸೋದಲ್ಲ, ಆ ಅಂಗಡಿ, ಆ ಗಂಟೆಯ ಸಾಲನ್ನೇ ಬದಲಾಯಿಸೋದು. ಹಾಗಿದ್ರೆ ಬಿದ್ದು ಎದ್ದು ಎರಡು ಸಲ ಬರೆದ್ರೂ ಮೊತ್ತ ಎರಡಾಗಲ್ಲ. ಮೂರು ದಿನ ದಾಟಿ ಬಂದ ಬಿಲ್ ಕಸದ ಬುಟ್ಟಿಗೆ ಹೋಗಲ್ಲ, ಬೇರೆ ಪಟ್ಟಿಗೆ ಹೋಗುತ್ತೆ. ಆ ಪಟ್ಟಿಯನ್ನ ಒಬ್ಬ ಮನುಷ್ಯ ನೋಡ್ತಾನೆ. ಮೊದಲ ಆರು ತಿಂಗಳು ಆ ಮನುಷ್ಯ ನಾನೇ.

ಇನ್ನು ಸಣ್ಣ ಸಣ್ಣ ಗುಂಡಿಗಳು. ಬಿದ್ದು ಎದ್ದಿದ್ದರಿಂದ ಹೇಳ್ತಿದ್ದೀನಿ.

ಒಂದು. ಫ್ಲಿಂಕ್‌ನ ಗಂಟೆ, ದಿನ ಎಲ್ಲ ಗ್ರೀನಿಚ್ ಸಮಯಕ್ಕೆ ಹೊಂದಿಕೊಂಡಿರುತ್ತೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹೇಳದೇ ಬಿಟ್ರೆ ನಮ್ಮ ‘ದಿನ’ ಶುರುವಾಗೋದು ಬೆಳಿಗ್ಗೆ 5:30ಕ್ಕೆ. ಡೈರಿಗೆ ಹಾಲು ಹಾಕೋಕೆ ಮುಂಚೆ ಐದಕ್ಕೇ ಬಂದು ಬೂಸಾ ತಗೊಳ್ಳೋರ ಬಿಲ್ ಹಿಂದಿನ ದಿನಕ್ಕೆ ಹೋಗುತ್ತೆ. ಬೆಂಗಳೂರಿನ ಆಫೀಸಲ್ಲಿ ಐದು ಗಂಟೆಗೆ ಯಾರೂ ಟೆಸ್ಟ್ ಮಾಡಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲ್ಲ.

ಎರಡು. ವಾಟರ್‌ಮಾರ್ಕ್ ಅತ್ಯಂತ ಹಿಂದುಳಿದ ಪುಸ್ತಕದ ಜೊತೆ ನಡೆಯುತ್ತೆ. 24ರಲ್ಲಿ ಒಂದು ಪುಸ್ತಕಕ್ಕೆ ಬಿಲ್ಲೇ ಬರ್ದಿದ್ರೆ ಎಲ್ಲರ ಲೆಕ್ಕ ತೆರೆದೇ ಇರುತ್ತೆ. ‘ಇಷ್ಟು ಹೊತ್ತು ಸುಮ್ನಿದ್ರೆ ಅದನ್ನ ಬಿಟ್ಟು ಮುಂದೆ ಹೋಗು’ ಅಂತ ಐಡಲ್ ಸೆಟ್ಟಿಂಗ್ ಕೊಡ್ಬೇಕು.

ಮೂರು. ಫೋನಿನ ತಾರೀಕು ತಪ್ಪಿರಬಹುದು. ಯಾವುದೋ ಫೋನಲ್ಲಿ ಮುಂದಿನ ವರ್ಷದ ತಾರೀಕು ಇದ್ರೆ, ಆ ಒಂದು ಬಿಲ್ ಅದರ ಪುಸ್ತಕದ ಗಡಿಯಾರವನ್ನ ಒಂದು ವರ್ಷ ಮುಂದೆ ನೂಕುತ್ತೆ. ಸರ್ವರ್ ಸಮಯಕ್ಕಿಂತ ಮುಂದಿರೋ ಬಿಲ್ಲನ್ನ ಬಾಗಿಲಲ್ಲೇ ತಡೆದು ಪಕ್ಕಕ್ಕೆ ಇಡಿ.

ಕೆರೆ ತುಂಬಿದಾಗ

ಕೊನೇದು ಹರಿವಿನ ವಿಷಯ. ನಮ್ಮೂರಿನವರಿಗೆ ಇದನ್ನ ಹೇಳ್ಕೊಡೋ ಅಗತ್ಯ ಇಲ್ಲ. ಶಿಂಷಾ ಹೊಳೆ ಕಡಬ ಕೆರೆಗೆ ಬರುತ್ತೆ, ಮುಂದೆ ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಹೋಗುತ್ತೆ. ಕೆಳಗಿನ ಗದ್ದೆ ಎಷ್ಟು ಕುಡಿಯುತ್ತೋ ತೂಬಿಂದ ಅಷ್ಟು ಬಿಡ್ತಾರೆ, ಉಳಿದದ್ದು ಕೆರೆಯಲ್ಲಿ ನಿಲ್ಲುತ್ತೆ. ಫ್ಲಿಂಕ್‌ನ ಗುಮಾಸ್ತರು ನಿಧಾನ ಆದ್ರೆ ಹಾಗೇ. ಕೊನೇ ಟೇಬಲ್ ತಡವಾದ್ರೆ ಅದರ ಹಿಂದಿನದು ನಿಲ್ಲುತ್ತೆ, ಅದರ ಹಿಂದಿನದು ನಿಲ್ಲುತ್ತೆ, ಕೊನೆಗೆ ಕಾಫ್ಕಾದಿಂದ ಓದೋದೇ ನಿಧಾನ ಆಗುತ್ತೆ. ಇದಕ್ಕೆ ಬ್ಯಾಕ್‌ಪ್ರೆಷರ್ ಅಂತ ಹೆಸರು. ಇದು ರೋಗ ಅಲ್ಲ, ರಕ್ಷಣೆ. ಬಿಲ್ ಕಾಫ್ಕಾ ಅನ್ನೋ ಕೆರೆಯಲ್ಲಿ ಸುರಕ್ಷಿತವಾಗಿ ನಿಂತಿರುತ್ತೆ.

ಎಷ್ಟು ದಿನ? ಮಾರ್ಕೋನಹಳ್ಳಿಯಲ್ಲಿ ತಾನಾಗೇ ಕೆಲಸ ಮಾಡೋ ಸೈಫನ್‌ಗಳಿವೆ. ನೀರು ಒಂದು ಮಟ್ಟ ಮುಟ್ಟಿದ್ರೆ ಯಾರನ್ನೂ ಕೇಳದೆ ಹೊರಗೆ ಹಾಕುತ್ತೆ. ಅಣೆಕಟ್ಟು ಉಳೀಬೇಕಲ್ಲ. ಕಾಫ್ಕಾಗೂ ಅಂಥದ್ದೊಂದಿದೆ, ರಿಟೆನ್ಷನ್. ಡೀಫಾಲ್ಟ್ 168 ಗಂಟೆ, ಅಂದ್ರೆ ಏಳು ದಿನ. ಅದಾದ್ಮೇಲೆ ಹಳೇ ಸಾಲುಗಳನ್ನ ಅಳಿಸುತ್ತೆ, ನೀವು ಓದಿದ್ರೋ ಇಲ್ವೋ ಅಂತ ಕೇಳಲ್ಲ. ಡಿಸ್ಕ್ ಉಳೀಬೇಕಲ್ಲ. ಹಬ್ಬದ ಸಾಲುರಜೆಯಲ್ಲಿ ಕ್ಲಸ್ಟರ್ ಬಿದ್ದು, ಇಂಜಿನಿಯರ್ ಊರಿಗೆ ಹೋಗಿದ್ರೆ? ನಾವು 14 ದಿನ ಇಟ್ವಿ. ಡಿಸ್ಕ್ ಖರ್ಚು ಸ್ವಲ್ಪ ಜಾಸ್ತಿ ಆಯ್ತು. ಆ ಖರ್ಚಿಗೆ ಮ್ಯಾನೇಜರ್ ಹತ್ರ ಸಹಿ ಹಾಕ್ಸೋವಾಗ ಮೂಟೆಯ ಕಥೆ ಹೇಳ್ದೆ. ಮರುಮಾತಾಡದೆ ಹಾಕಿದ್ರು.

ನೀವು ಮಾಡಿ ನೋಡೋದಾದ್ರೆ

8 ಜಿಬಿ ರ್‍ಯಾಮ್ ಇರೋ ಲ್ಯಾಪ್‌ಟಾಪ್‌ನಲ್ಲಿ ಡಾಕರ್ ಹಾಕಿ ಇಷ್ಟನ್ನೂ ಸಣ್ಣದಾಗಿ ಓಡಿಸಬಹುದು. ಫ್ಲಿಂಕ್ ಶುರು ಮಾಡಿ, ಬ್ರೌಸರ್‌ನಲ್ಲಿ 8081 ಪೋರ್ಟ್ ತೆರೆದ್ರೆ ಗುಮಾಸ್ತರು ಕೆಲಸ ಮಾಡೋದು ಕಾಣುತ್ತೆ. ಓಡಿತು ಅಂತ ಸ್ಕ್ರೀನ್‌ಶಾಟ್ ಹಾಕೋ ಮುಂಚೆ ಮೂರು ಕಿತಾಪತಿ ಮಾಡಿ. ಓಡ್ತಿರೋವಾಗ ಒಂದು ಟಾಸ್ಕ್ ಮ್ಯಾನೇಜರ್‌ನ ಕೊಲ್ಲಿ, ಮೊತ್ತ ಸರಿ ಇದೆಯಾ ನೋಡಿ. ಒಂದೇ ಬಿಲ್ ಎರಡು ಸಲ ಕಳಿಸಿ. ನಾಲ್ಕು ಗಂಟೆ ಹಳೇ ಬಿಲ್ ಕಳಿಸಿ. ಮೂರರಲ್ಲೂ ಪಾಸಾದ್ರೆ ಆಗ ಸ್ಕ್ರೀನ್‌ಶಾಟ್ ಹಾಕಿ, ನನ್ನನ್ನ ಟ್ಯಾಗ್ ಮಾಡಿ.

ಮತ್ತೆ ಯಾವುದೇ ಅಂಕಿ ಮುಟ್ಟೋವಾಗ ಒಂದು ಪ್ರಶ್ನೆ ಕೇಳ್ಕೊಳ್ಳಿ: ಇದು ತಪ್ಪಾದ್ರೆ ಯಾರ ಮೇಲೆ ಬೀಳುತ್ತೆ? ನಮ್ಮ ಐದು ಸೆಕೆಂಡು ಬೀಳ್ತಾ ಇದ್ದದ್ದು ಬೆಂಗಳೂರಿನಲ್ಲಿ ಕೂತ ನಮ್ಮ ಮೇಲಲ್ಲ. ಅಂಗಡಿ ಮುಂದೆ ‘ಬಿಲ್ ಹಾಕಿದ್ದೀನಿ ಅಣ್ಣ’ ಅಂತ ನಿಂತಿದ್ದವನ ಮೇಲೆ.

ಆ ಹುಡುಗನ ವಿಷಯ ಕೇಳ್ತೀರಿ ಅಂತ ಗೊತ್ತು. ಮಾವ ಅವರ ಮನೆಗೆ ಹೋಗಿ, ತಪ್ಪಾಯ್ತು ಕಣಪ್ಪ, ಬಾ ಅಂತ ಕರೆದ್ರು. ಅವನು ಕಾಫಿ ಕೊಟ್ಟು ಕಳಿಸ್ದ, ಕೆಲಸಕ್ಕೆ ಬರ್ಲಿಲ್ಲ. ಈಗ ಗುಬ್ಬಿಯಲ್ಲಿ ಗೂಡ್ಸ್ ಗಾಡಿ ಓಡಿಸ್ತಾನೆ. ಈ ಕಂತು ಮಾಡ್ಲಾ ಅಂತ ಕೇಳೋಕೆ ನಾನೂ ಹೋಗಿದ್ದೆ. ‘ಹೆಸರು ಬೇಡ, ಬೇಕಾದ್ರೆ ಹೇಳು’ ಅಂದ. ಆ್ಯಪ್‌ನಲ್ಲಿ ಈಗ ಎರಡು ಸಮಯ ಕಾಣುತ್ತೆ, ಬಿಲ್ ಹಾಕಿದ್ದು ಒಂದು, ತಲುಪಿದ್ದು ಒಂದು ಅಂತ ಫೋನ್ ತೆಗೆದು ತೋರಿಸ್ದೆ. ಸ್ವಲ್ಪ ಹೊತ್ತು ನೋಡಿ, ‘ನಾನು ಅವತ್ತೇ ಹೇಳಿದ್ನಲ್ಲಣ್ಣ, ಐದು ಗಂಟೆ ಅಂತ’ ಅಂದ.

ಹೌದು. ಅವತ್ತೇ ಹೇಳಿದ್ದ.

ಮುಂದಿನ ಕಂತಲ್ಲಿ ಸಿಗೋಣ. ನಿಮ್ಮೂರಲ್ಲಿ ಟವರ್ ಹೋದಾಗ ಏನೇನು ಕೆಡುತ್ತೆ ಅಂತ ವಾಯ್ಸ್ ನೋಟ್ ಕಳಿಸಿ. ತಡವಾಗಿ ಬಂದ್ರೂ ಪರವಾಗಿಲ್ಲ, ಎಸೆಯಲ್ಲ.